ಡಾಂಬರು ಮೇಲೆ, ರೋಗ ಕೆಳಗೆ
ಎರೆ ನೆಲದ ರಸ್ತೆಗಳು ಏಕೆ ಬಾಳುವುದಿಲ್ಲ? ಪ್ರಯೋಗಾಲಯದ ಪರೀಕ್ಷೆಗಳು ಹೇಳುವ ಉತ್ತರ

ಅಕ್ಕಲಕೋಟ: ದೀಪಾವಳಿ ಮುಗಿದು ಕಬ್ಬಿನ ಹಂಗಾಮು ಶುರುವಾಯಿತೆಂದರೆ ಈ ಭಾಗದ ಹಳ್ಳಿ ರಸ್ತೆಗಳಲ್ಲಿ ಎರಡು ಸಾಲು ಕಾಣುತ್ತವೆ. ಒಂದು, ಕಬ್ಬು ಹೇರಿಕೊಂಡು ಕಾರಖಾನೆಯ ಕಡೆ ಹೊರಟ ಟ್ರ್ಯಾಕ್ಟರ್‌ಗಳ ಸಾಲು. ಇನ್ನೊಂದು, ಅವುಗಳ ಹಿಂದೆ ತಗ್ಗು ತಪ್ಪಿಸುತ್ತ ಹಾವಿನಂತೆ ಹೊರಳುವ ಮೋಟರ್ ಸೈಕಲ್‌ಗಳ ಸಾಲು. ಶಾಲೆಯ ಹುಡುಗರು, ಹಾಲಿನ ಕ್ಯಾನ್ ಕಟ್ಟಿಕೊಂಡವರು, ಸೊಲ್ಲಾಪುರದ ದವಾಖಾನೆಗೆ ಹೊರಟ ಬಸುರಿ ಹೆಣ್ಣುಮಕ್ಕಳು ಎಲ್ಲರೂ ಇದೇ ಸಾಲಿನವರು.

"ಹೋದ ವರ್ಷರ ಮಾಡಿದ್ರಿ, ಎರಡು ಮಳಿ ಸೈತ ತಾಳಲಿಲ್ಲ. ಡಾಂಬರ ತಿಂದಾರ್ರಿ" ಎಂಬ ಮಾತು ಯಾವ ಊರಿನ ಕಟ್ಟೆಯ ಮೇಲೆ ಕುಳಿತರೂ ಕೇಳುತ್ತದೆ. ಮರಾಠಿ ಮನೆಯಲ್ಲೂ ಅದೇ ಮಾತು, ಕನ್ನಡ ಮನೆಯಲ್ಲೂ ಅದೇ ಮಾತು. ಗಡಿ ಭಾಗದಲ್ಲಿ ಇದಕ್ಕೆ ಇನ್ನೊಂದು ಬಾಲವೂ ಇದೆ: "ಗಡಿ ಕಲ್ಲು ದಾಟ್ರಿ, ಆಚೆ ರಸ್ತೆ ಹೆಂಗೈತಿ ನೋಡ್ರಿ." ಆಚೆಯವರು ಈಚೆಯ ರಸ್ತೆ ತೋರಿಸಿ ಇದೇ ಮಾತು ಹೇಳುತ್ತಾರೆ.

ಡಾಂಬರು ತಿನ್ನುವವರು ಇಲ್ಲವೆಂದಲ್ಲ. 2023ರಲ್ಲಿ ಮಹಾರಾಷ್ಟ್ರದ ಜಾಲನಾ ಜಿಲ್ಲೆಯ ಹಳ್ಳಿಯೊಂದರಲ್ಲಿ ಜನ ಹೊಸ ರಸ್ತೆಯನ್ನು ಬರಿಗೈಯಿಂದ ಜಮಖಾನೆಯಂತೆ ಎತ್ತಿ ತೋರಿಸಿದ ವಿಡಿಯೊವನ್ನು ದೇಶವೆಲ್ಲ ನೋಡಿತು. ಆದರೆ ಕೆಟ್ಟ ರಸ್ತೆಗೆಲ್ಲ ಡಾಂಬರೊಂದೇ ಕಾರಣವಲ್ಲ. ರಸ್ತೆ ವಿಜ್ಞಾನ ನೂರು ವರ್ಷಗಳಿಂದ ಹೇಳುತ್ತ ಬಂದಿರುವುದು ಇಷ್ಟು: ರಸ್ತೆ ಕಾಣುವುದು ಮೇಲಿಂದ, ಬಹಳ ಸಲ ಕೆಡುವುದು ಕೆಳಗಿಂದ. ಎಲ್ಲಿ ಕೆಟ್ಟಿದೆ ಎಂಬುದು ಕಣ್ಣಂದಾಜಿಗೆ ಸಿಗುವುದಿಲ್ಲ, ಪರೀಕ್ಷೆ ಮಾಡಿದರೆ ಸಿಗುತ್ತದೆ. ಆ ಪರೀಕ್ಷೆಗಳು ಸಾಮಾನ್ಯನಿಗೆ ತಿಳಿಯದಷ್ಟು ಕಠಿಣವೂ ಅಲ್ಲ.

ಗಡಿಯ ಎರಡೂ ಬದಿಗೆ ಒಂದೇ ಪುಸ್ತಕ

ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ಮಹಾರಾಷ್ಟ್ರದ ಬಾಂಧಕಾಮ ಖಾತೆ ಇರಲಿ, ಕರ್ನಾಟಕದ ಲೋಕೋಪಯೋಗಿ ಇಲಾಖೆ ಇರಲಿ, ರಸ್ತೆ ಕಟ್ಟಲು ಎರಡೂ ಆಧಾರವಾಗಿ ಇಟ್ಟುಕೊಳ್ಳುವುದು ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಪುಸ್ತಕಗಳನ್ನೇ. ಹೆಸರಿನಲ್ಲಿ ಕಾಂಗ್ರೆಸ್ ಇದ್ದರೂ ಇದು ಪಕ್ಷವಲ್ಲ, ರಸ್ತೆ ಎಂಜಿನಿಯರುಗಳ ಸಂಸ್ಥೆ. ಇದರ ಮೂಲ ಮುಂಬಯಿಯ ವಕೀಲ ಎಂ.ಆರ್. ಜಯಕರ ಅವರಲ್ಲಿದೆ. 1927ರಲ್ಲಿ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ರಸ್ತೆ ಸಮಿತಿಯ ಶಿಫಾರಸಿನಂತೆ 1934ರಲ್ಲಿ ಈ ಸಂಸ್ಥೆ ಹುಟ್ಟಿತು. ಮುಂದೆ 1952ರಲ್ಲಿ ದೆಹಲಿಯಲ್ಲಿ ಕೇಂದ್ರ ರಸ್ತೆ ಸಂಶೋಧನಾ ಸಂಸ್ಥೆ, ಅಂದರೆ ಸಿಆರ್‌ಆರ್‌ಐ, ಕೆಲಸ ಆರಂಭಿಸಿತು.

ಪುಸ್ತಕ ಒಂದೇ ಇರುವಂತೆ ನೆಲವೂ ಒಂದೇ. ವಿಜಯಪುರದ ಎರೆ ಹೊಲ ಭೀಮಾ ನದಿ ದಾಟಿದ ಕೂಡಲೇ ಬೇರೆ ಮಣ್ಣಾಗುವುದಿಲ್ಲ. ಇಂಡಿ, ಆಳಂದದ ಕರಿಕಲ್ಲೇ ಅಕ್ಕಲಕೋಟ, ಮಂಗಳವೇಢೆಗಳಲ್ಲೂ ಸಿಗುತ್ತದೆ. ಮಣ್ಣು, ಕಲ್ಲು, ನಿಯಮ ಮೂರೂ ಒಂದೇ ಇದ್ದು ಒಂದು ಕಡೆ ರಸ್ತೆ ಬಾಳಿ ಇನ್ನೊಂದು ಕಡೆ ಬಾಳದಿದ್ದರೆ ವ್ಯತ್ಯಾಸ ಕೆಲಸದಲ್ಲಿದೆ ಅಥವಾ ಭಾರದಲ್ಲಿದೆ. ರಾಜ್ಯದ ಹೆಸರಿನಲ್ಲಿಲ್ಲ.

ಜೋಳಕ್ಕೆ ತಾಯಿ, ರಸ್ತೆಗೆ ಮಲತಾಯಿ

ಎರೆ ಮಣ್ಣು ಮಂಗಳವೇಢೆಯ ಬಿಳಿಜೋಳಕ್ಕೆ ತಾಯಿ. ಮಳೆ ನೀರನ್ನು ಹೊಟ್ಟೆಯಲ್ಲಿಟ್ಟುಕೊಂಡು ಹಿಂಗಾರಿ ಬೆಳೆಯನ್ನು ಸಲಹುತ್ತದೆ. ರಸ್ತೆಗೆ ಮಾತ್ರ ಅದೇ ಗುಣ ಶತ್ರು. ಈ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಖನಿಜವಿದೆ. ನೀರು ಸೇರಿದರೆ ಅದು ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಚೈತ್ರ ವೈಶಾಖದಲ್ಲಿ ಹೊಲದಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವುದು, ಮಳೆಗಾಲದಲ್ಲಿ ಅದೇ ಬಿರುಕು ಕೂಡಿಕೊಂಡು ಕಾಲಿಗೆ ಅಂಟುವ ರಾಡಿಯಾಗುವುದು ರೈತರಿಗೆ ಹೊಸದಲ್ಲ. ರಸ್ತೆಯ ಕೆಳಗೂ ಇದೇ ಆಟ ವರ್ಷಾ ವರ್ಷ ನಡೆಯುತ್ತದೆ. ಮೇಲಿನ ಡಾಂಬರು ಅದರೊಂದಿಗೆ ಏರಿಳಿಯಲಾರದೆ ಸೀಳುತ್ತದೆ.

ಮಣ್ಣು ಎಷ್ಟು ಉಬ್ಬುತ್ತದೆ ಎಂದು ಅಳೆಯಲು ಸರಳ ಪರೀಕ್ಷೆಯೊಂದಿದೆ. ಒಣಗಿಸಿ ಜರಡಿ ಹಿಡಿದ 10 ಗ್ರಾಂ ಮಣ್ಣಿನಂತೆ ಎರಡು ಪಾಲು ತೆಗೆದುಕೊಂಡು, ಒಂದನ್ನು ನೀರು ತುಂಬಿದ ಗಾಜಿನ ಅಳತೆಗೊಳವೆಗೆ, ಇನ್ನೊಂದನ್ನು ಸೀಮೆಎಣ್ಣೆ ತುಂಬಿದ ಗೊಳವೆಗೆ ಹಾಕಿ 24 ತಾಸು ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. ಎರಡರ ಅಂತರವೇ ಉಬ್ಬುವ ಪ್ರಮಾಣ. ಇದು ಶೇಕಡಾ 50 ದಾಟಿದರೆ ಆ ಮಣ್ಣನ್ನು ರಸ್ತೆಯ ಏರಿಗೆ ಹಾಕಬಾರದೆಂದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ನಿಯಮ ಹೇಳುತ್ತದೆ. ಹಳ್ಳಿಗಳಲ್ಲಿ ಆಗುವುದೇನು? ರಸ್ತೆಯ ಎರಡೂ ಬದಿ ಜೆಸಿಬಿಯಿಂದ ಅಗೆದು, ಅದೇ ಎರೆ ಮಣ್ಣನ್ನು ನಡುವೆ ಎಳೆದು ಹಾಕುವುದನ್ನು ಎಷ್ಟೋ ಕಡೆ ಕಾಣಬಹುದು. ರೋಗ ಅಲ್ಲಿಯೇ ಶುರುವಾಗುತ್ತದೆ.

ಎರಡನೆಯದು ಮಣ್ಣಿನ ಬಲದ ಪರೀಕ್ಷೆ. ಇದಕ್ಕೆ ಸಿಬಿಆರ್ ಎನ್ನುತ್ತಾರೆ. 1920ರ ದಶಕದ ಕೊನೆಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಹೆದ್ದಾರಿ ಎಂಜಿನಿಯರುಗಳು ಇದನ್ನು ರೂಪಿಸಿದರು. ಮಣ್ಣನ್ನು ಕಬ್ಬಿಣದ ಡಬ್ಬಿಯಲ್ಲಿ ಬಡಿದು ತುಂಬಿ, ನಾಲ್ಕು ದಿನ ನೀರಿನಲ್ಲಿ ಮುಳುಗಿಸಿ, ಬಳಿಕ 50 ಮಿ.ಮೀ. ದಪ್ಪದ ಕಬ್ಬಿಣದ ಸಲಾಕೆಯನ್ನು ಅದರೊಳಗೆ ಮೆಲ್ಲಗೆ ಒತ್ತುತ್ತಾರೆ. ಉತ್ತಮ ಖಡಿಯಲ್ಲಿ ಸಲಾಕೆ ಅಷ್ಟೇ ಆಳಕ್ಕೆ ಇಳಿಯಲು ಬೇಕಾಗುವ ಭಾರವನ್ನು 100 ಎಂದು ಹಿಡಿದು, ನಮ್ಮ ಮಣ್ಣಿಗೆ ಅಂಕ ಕೊಡುತ್ತಾರೆ. ಒಳ್ಳೆಯ ಗರಸು 10 ದಾಟುತ್ತದೆ. ನೆನೆದ ಎರೆ ಮಣ್ಣಿಗೆ ಸಾಮಾನ್ಯವಾಗಿ ಸಿಗುವ ಅಂಕ ಎರಡು ಇಲ್ಲವೆ ಮೂರು.

ನಾಲ್ಕು ದಿನ ಮುಳುಗಿಸುವುದು ಏಕೆಂದರೆ, ರಸ್ತೆಯ ಬಲ ನೋಡಬೇಕಾದದ್ದು ಅದು ಒಣಗಿದ ಒಳ್ಳೆಯ ದಿನದಲ್ಲಲ್ಲ, ಮಳೆಯಲ್ಲಿ ನೆನೆದ ಕೆಟ್ಟ ದಿನದಲ್ಲಿ. ಬೇಸಿಗೆಯಲ್ಲಿ ಎರೆ ಮಣ್ಣು ಕಲ್ಲಿನಂತಿರುತ್ತದೆ. ಆಗ ಅದನ್ನು ನಂಬಿ ಕಟ್ಟಿದ ರಸ್ತೆ ಆಷಾಢದಲ್ಲಿ ಕೈಕೊಡುತ್ತದೆ.

ಈ ಅಂಕ ನೋಡಿಯೇ ಮೇಲೆ ಎಷ್ಟು ದಪ್ಪ ಗರಸು, ಎಷ್ಟು ದಪ್ಪ ಖಡಿ ಬೇಕೆಂದು ಲೆಕ್ಕ ಹಾಕುತ್ತಾರೆ. ಅಂಕ ಕಡಿಮೆ ಇದ್ದಷ್ಟೂ ದಪ್ಪ ಹೆಚ್ಚಬೇಕು. ಮಣ್ಣನ್ನೇ ಸುಧಾರಿಸುವ ಉಪಾಯವೂ ಇದೆ. ಎರೆ ಮಣ್ಣಿಗೆ ನೂರಕ್ಕೆ ಮೂರರಿಂದ ಐದು ಪಾಲು ಸುಣ್ಣ ಬೆರೆಸಿ, ನೀರು ಹಾಕಿ ರೋಲರ್ ಹೊಡೆದರೆ ಮಣ್ಣಿನ ಉಬ್ಬುವ ಗುಣ ತಗ್ಗುತ್ತದೆ, ಬಲ ಏರುತ್ತದೆ. ನಮ್ಮ ಹಿರಿಯರು ಗಚ್ಚು ಅರೆಯಲು ಬಳಸುತ್ತಿದ್ದ ಸುಣ್ಣವೇ ಇಲ್ಲಿಯೂ ಕೆಲಸಕ್ಕೆ ಬರುತ್ತದೆ.

ಖಡಿಗೂ ಬಡಿತದ ಪರೀಕ್ಷೆ

ಕಲ್ಲಿನ ವಿಷಯದಲ್ಲಿ ಈ ಸೀಮೆ ಬಡವಾಗಿಲ್ಲ. ದಖ್ಖಣದ ಕರಿಕಲ್ಲು, ಅಂದರೆ ಬಸಾಲ್ಟ್, ರಸ್ತೆಗೆ ಒಪ್ಪುವ ಗಟ್ಟಿ ಕಲ್ಲು. ಡಾಂಬರೂ ಇದನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ. ಆದರೆ ಖಾಣಿಯಲ್ಲಿ ಮೇಲಿನ ಪದರ ಹಲವು ಸಲ ಶಿಥಿಲವಾಗಿರುತ್ತದೆ. ಆದ್ದರಿಂದ ಖಡಿಯನ್ನೂ ಪರೀಕ್ಷಿಸಬೇಕು.

ಒಂದು ಕಬ್ಬಿಣದ ಬಟ್ಟಲಿಗೆ ಖಡಿ ತುಂಬಿ, ಸುಮಾರು 14 ಕಿಲೊ ತೂಕದ ಗುಂಡನ್ನು 38 ಸೆಂ.ಮೀ. ಎತ್ತರದಿಂದ 15 ಸಲ ಬೀಳಿಸುತ್ತಾರೆ. ಒಡೆದು ಪುಡಿಯಾದದ್ದನ್ನು ಜರಡಿ ಹಿಡಿದು ತೂಗುತ್ತಾರೆ. ಹೆದ್ದಾರಿಯ ಮೇಲ್ಪದರಿಗೆ ಬಳಸುವ ಖಡಿಯಲ್ಲಿ ಈ ಪುಡಿ ನೂರಕ್ಕೆ 24 ದಾಟಬಾರದು. ಇನ್ನೊಂದು ಪರೀಕ್ಷೆಯಲ್ಲಿ ಚಪ್ಪಟೆ ಮತ್ತು ಉದ್ದನೆಯ ಕಲ್ಲುಗಳನ್ನು ಆರಿಸಿ ಬೇರ್ಪಡಿಸುತ್ತಾರೆ. ಹಂಚಿನ ಚೂರಿನಂಥ ಕಲ್ಲು ಗಾಲಿಯ ಕೆಳಗೆ ಮುರಿಯುತ್ತದೆ. ಘನಾಕಾರದ ಕಲ್ಲು ಒಂದಕ್ಕೊಂದು ಕಚ್ಚಿ ಕೂರುತ್ತದೆ.

ಮೂರನೆಯದು ನೀರಿನ ಪರೀಕ್ಷೆ. ಡಾಂಬರು ಲೇಪಿಸಿದ ಖಡಿಯನ್ನು 40 ಡಿಗ್ರಿ ಬಿಸಿ ನೀರಿನಲ್ಲಿ 24 ತಾಸು ಇಟ್ಟು ನೋಡುತ್ತಾರೆ. ಶೇಕಡಾ 95ರಷ್ಟಾದರೂ ಲೇಪ ಉಳಿಯಬೇಕು. ಖಡಿಯ ಮೇಲೆ ಧೂಳು ಕುಳಿತಿದ್ದರೆ ಡಾಂಬರು ಅಂಟುವುದು ಧೂಳಿಗೆ, ಕಲ್ಲಿಗಲ್ಲ. ಮೊದಲ ಮಳೆಗೆ ಕಲ್ಲು ಬಿಟ್ಟುಕೊಂಡು ಮೋಟರ್ ಸೈಕಲ್ ಜಾರುವುದು ಇಂಥ ಕಡೆಯೇ.

ಬೇಸಿಗೆಗೆ ತಕ್ಕ ಡಾಂಬರು

ನಾವು ರೂಢಿಯಲ್ಲಿ ಡಾಂಬರು ಎನ್ನುತ್ತೇವೆ. ಇಂದು ರಸ್ತೆಗೆ ಹಾಕುವುದು ಕಲ್ಲಿದ್ದಲಿನ ಟಾರ್ ಅಲ್ಲ. ಕಚ್ಚಾ ಎಣ್ಣೆಯಿಂದ ಪೆಟ್ರೋಲ್, ಸೀಮೆಎಣ್ಣೆ, ಡೀಸೆಲ್ ತೆಗೆದ ಮೇಲೆ ತಳದಲ್ಲಿ ಉಳಿಯುವ ಬಿಟುಮೆನ್ ಇದು.

ಹಿಂದೆ ಇದರ ದರ್ಜೆಯನ್ನು ಸೂಜಿಯಿಂದ ನಿರ್ಧರಿಸುತ್ತಿದ್ದರು. 25 ಡಿಗ್ರಿ ಉಷ್ಣತೆಯಲ್ಲಿ, 100 ಗ್ರಾಂ ಭಾರದ ಸೂಜಿ ಐದು ಸೆಕೆಂಡಿನಲ್ಲಿ ಎಷ್ಟು ಆಳ ಇಳಿಯಿತು ಎಂಬುದೇ ಲೆಕ್ಕ. 60/70 ದರ್ಜೆ ಎಂದರೆ ಸೂಜಿ ಆರರಿಂದ ಏಳು ಮಿ.ಮೀ. ಇಳಿಯಿತು ಎಂದರ್ಥ. ಆದರೆ ಸೊಲ್ಲಾಪುರದ ಬೇಸಿಗೆಯಲ್ಲಿ ರಸ್ತೆ 25 ಡಿಗ್ರಿಯಲ್ಲಿ ಇರುತ್ತದೆಯೇ? ಗಾಳಿಯೇ 42 ಡಿಗ್ರಿ ದಾಟಿದಾಗ ಕಪ್ಪು ರಸ್ತೆ 60 ಡಿಗ್ರಿಯ ಸಮೀಪ ಕಾಯುತ್ತದೆ. ಅದಕ್ಕಾಗಿ 2006ರಲ್ಲಿ ಭಾರತೀಯ ಮಾನಕ ಬದಲಾಯಿತು. ಈಗ 60 ಡಿಗ್ರಿಯಲ್ಲಿ ಡಾಂಬರು ಎಷ್ಟು ಮಂದವಾಗಿ ಹರಿಯುತ್ತದೆ ಎಂದು ಅಳೆದು ದರ್ಜೆ ಕೊಡುತ್ತಾರೆ. ವಿಜಿ-10 ಮೃದು, ವಿಜಿ-40 ಗಟ್ಟಿ, ನಡುವಿನ ವಿಜಿ-30 ಬಹಳ ಕಡೆ ಬಳಕೆಯಲ್ಲಿದೆ. ಬಿಸಿ ಸೀಮೆಗೂ ಭಾರಿ ವಾಹನದ ದಾರಿಗೂ ಗಟ್ಟಿ ದರ್ಜೆಯೇ ಬೇಕು.

ಊರಿನ ಹವೆ ನೋಡಿ ಡಾಂಬರು ಆರಿಸುವ ಈ ವಿಚಾರವನ್ನು ಇನ್ನೂ ಮುಂದೆ ಒಯ್ದದ್ದು ಅಮೆರಿಕ. 1987ರಿಂದ 1993ರವರೆಗೆ ಅಲ್ಲಿ 15 ಕೋಟಿ ಡಾಲರ್ ವೆಚ್ಚದ ಹೆದ್ದಾರಿ ಸಂಶೋಧನೆ ನಡೆಯಿತು. ಅದರಲ್ಲಿ 5 ಕೋಟಿ ಡಾಲರ್ ಡಾಂಬರಿಗೆಂದೇ ತೆಗೆದಿಟ್ಟದ್ದು. ಒಂದು ಊರಿನ ಅತಿ ಹೆಚ್ಚು ಬಿಸಿ, ಅತಿ ಹೆಚ್ಚು ತಂಪು ಎರಡನ್ನೂ ಲೆಕ್ಕಕ್ಕೆ ಹಿಡಿದು ಡಾಂಬರಿಗೆ ದರ್ಜೆ ಕೊಡುವ ಪದ್ಧತಿ ಅದರಿಂದ ಬಂತು.

ಹೆಚ್ಚು ಡಾಂಬರು ಎಂದರೆ ಒಳ್ಳೆಯ ರಸ್ತೆಯೇ?

"ಡಾಂಬರ ಕಡಿಮಿ ಹಾಕ್ಯಾರ" ಎಂಬ ದೂರು ಸಾಮಾನ್ಯ. ಕಡಿಮೆ ಹಾಕಿದರೆ ಕಲ್ಲು ಕೀಳುವುದು ನಿಜ. ಆದರೆ ಹೆಚ್ಚು ಹಾಕಿದರೂ ರಸ್ತೆ ಕೆಡುತ್ತದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಸಾರಿಗೆ ಉಪ್ಪು ಹಾಕಿದಂತೆ ಇದು. ಹೆಚ್ಚಾದ ಡಾಂಬರು ಬೇಸಿಗೆಯಲ್ಲಿ ಮೇಲೆ ಉಕ್ಕಿ ರಸ್ತೆ ಜಾರುತ್ತದೆ, ಗಾಲಿಯ ದಾರಿಯುದ್ದಕ್ಕೂ ಕಾಲುವೆಯಂತೆ ತಗ್ಗು ಬೀಳುತ್ತದೆ.

ಹದ ಎಷ್ಟೆಂದು ತಿಳಿಯುವ ಪರೀಕ್ಷೆಗೆ ಮಾರ್ಷಲ್ ಪರೀಕ್ಷೆ ಎಂದು ಹೆಸರು. ಅಮೆರಿಕದ ಮಿಸಿಸಿಪಿ ರಾಜ್ಯದ ಹೆದ್ದಾರಿ ಇಲಾಖೆಯಲ್ಲಿದ್ದ ಬ್ರೂಸ್ ಮಾರ್ಷಲ್ 1939ರ ಸುಮಾರಿಗೆ ಇದನ್ನು ರೂಪಿಸಿದರು. ಎರಡನೆಯ ಮಹಾಯುದ್ಧದಲ್ಲಿ ಭಾರಿ ವಿಮಾನಗಳು ಇಳಿಯುವ ಓಡುದಾರಿ ಬೇಕಾದಾಗ ಅಲ್ಲಿನ ಸೇನೆಯ ಎಂಜಿನಿಯರುಗಳು ಅದನ್ನು ತಿದ್ದಿ ಬೆಳೆಸಿದರು. ಭಾರತದ ಹೆದ್ದಾರಿ ಕೆಲಸಗಳಲ್ಲಿ ಇಂದಿಗೂ ಇದೇ ನಡೆಯುತ್ತದೆ.

ಬಿಸಿ ಮಿಶ್ರಣವನ್ನು ಅಚ್ಚಿಗೆ ಹಾಕಿ, 4.5 ಕಿಲೊ ಸುತ್ತಿಗೆಯಿಂದ ಎರಡೂ ಮಗ್ಗುಲಿಗೆ 75ರಂತೆ ಏಟು ಹಾಕಿ ಬಿಲ್ಲೆ ಮಾಡುತ್ತಾರೆ. ಸುಮಾರು 10 ಸೆಂ.ಮೀ. ಅಗಲ, ಆರೂ ಕಾಲು ಸೆಂ.ಮೀ. ಎತ್ತರದ ಬಿಲ್ಲೆ ಅದು. ಅದನ್ನು 60 ಡಿಗ್ರಿ ನೀರಿನಲ್ಲಿ ಅರ್ಧ ತಾಸು ಇಟ್ಟು, ಯಂತ್ರದಲ್ಲಿ ಒತ್ತಿ ಮುರಿಯುತ್ತಾರೆ. ಹೆದ್ದಾರಿಯ ಮೇಲ್ಪದರಿನ ಬಿಲ್ಲೆ ಕಡಿಮೆಯೆಂದರೂ 9 ಕಿಲೊನ್ಯೂಟನ್, ನಮ್ಮ ಮಾತಿನಲ್ಲಿ ಸುಮಾರು 900 ಕಿಲೊ ಭಾರ ತಾಳಬೇಕು. ಮುರಿಯುವ ಮುನ್ನ ಅದು ತಗ್ಗುವುದು ಎರಡರಿಂದ ನಾಲ್ಕು ಮಿ.ಮೀ. ಇರಬೇಕು. ಒಳಗಿನ ಗಾಳಿ ಜಾಗ ನೂರಕ್ಕೆ ಮೂರರಿಂದ ಐದು ಇರಬೇಕು. ಗಾಳಿ ಜಾಗ ಅತಿ ಕಡಿಮೆಯಾದರೆ ಬಿಸಿಲಿನಲ್ಲಿ ಹಿಗ್ಗಿದ ಡಾಂಬರಿಗೆ ಹೋಗಲು ಎಡೆಯಿಲ್ಲ. ಅತಿ ಹೆಚ್ಚಾದರೆ ನೀರು ಒಳಗೆ ಇಳಿಯುತ್ತದೆ. ಬೇರೆ ಬೇರೆ ಪ್ರಮಾಣದ ಡಾಂಬರು ಹಾಕಿ ಇಂಥ ಹಲವು ಬಿಲ್ಲೆ ಮಾಡಿ, ಎಲ್ಲ ಷರತ್ತು ಕೂಡಿಬರುವ ಪ್ರಮಾಣವನ್ನು ಆರಿಸುತ್ತಾರೆ.

ಬಿಸಿ ಆರಿದ ಮೇಲೆ ರೋಲರ್ ವ್ಯರ್ಥ

ಪ್ರಯೋಗಾಲಯದಲ್ಲಿ ಹದ ಸಿಕ್ಕರೂ ರಸ್ತೆಯ ಮೇಲೆ ಕೆಡಬಹುದು. ವಿಜಿ-30 ಡಾಂಬರಿನ ಮಿಶ್ರಣವನ್ನು 150ರಿಂದ 165 ಡಿಗ್ರಿ ಬಿಸಿಯಲ್ಲಿ ತಯಾರಿಸಬೇಕು. ಹಾಸುವಾಗ 140ಕ್ಕಿಂತ ಕಡಿಮೆ ಆಗಬಾರದು. 90 ಡಿಗ್ರಿಗೆ ಇಳಿಯುವ ಮೊದಲೇ ರೋಲರ್ ಕೆಲಸ ಮುಗಿಯಬೇಕು. ಆರಿದ ರೊಟ್ಟಿ ತಟ್ಟಲು ಬರುವುದಿಲ್ಲ, ಆರಿದ ಡಾಂಬರು ಕೂಡುವುದಿಲ್ಲ. ಪ್ಲಾಂಟ್ ದೂರವಿದ್ದು, ಟಿಪ್ಪರ್ ಮೇಲೆ ತಾಡಪತ್ರಿ ಇಲ್ಲದೆ, ದಾರಿಯಲ್ಲಿ ಎಲ್ಲೋ ನಿಂತು ಬಂದರೆ ಅರ್ಧ ಆಯುಷ್ಯ ದಾರಿಯಲ್ಲೇ ಹೋಗಿರುತ್ತದೆ.

ಫೆಬ್ರವರಿ 2021ರಲ್ಲಿ ನಮ್ಮದೇ ಸೊಲ್ಲಾಪುರ–ವಿಜಯಪುರ ಚತುಷ್ಪಥ ಹೆದ್ದಾರಿ ಕೆಲಸದಲ್ಲಿ 18 ತಾಸಿನಲ್ಲಿ 25.54 ಕಿ.ಮೀ. ಉದ್ದದ ಒಂದು ಪಥಕ್ಕೆ ಡಾಂಬರು ಹಾಸಿದ ಸುದ್ದಿ ದೇಶದ ಗಮನ ಸೆಳೆದಿತ್ತು. ಅಂಥ ಕೆಲಸದಲ್ಲಿ ಪ್ಲಾಂಟ್, ಟಿಪ್ಪರ್, ಹಾಸುವ ಯಂತ್ರ, ರೋಲರ್ ಎಲ್ಲ ಸರಪಳಿಯಂತೆ ಕೂಡಿ ಬರಬೇಕು. ಹಳ್ಳಿ ರಸ್ತೆಗೆ ಆ ಸರಪಳಿ ಸಿಗುವುದಿಲ್ಲ, ಥರ್ಮಾಮೀಟರ್ ಆದರೂ ಸಿಗಬೇಕು.

ಇಲ್ಲಿ ಇನ್ನೊಂದು ಮಾತು. ಹಳ್ಳಿಯ ರಸ್ತೆಗೆ ಸಾಮಾನ್ಯವಾಗಿ ಹಾಕುವ ಡಾಂಬರು ಪದರು ಬರೀ 20 ಮಿ.ಮೀ., ಅಂದರೆ ಎರಡು ಬೆರಳು ಜೋಡಿಸಿದಷ್ಟೂ ಇಲ್ಲ. ಅದು ಭಾರ ಹೊರುವ ಪದರಲ್ಲ. ನೀರು ಒಳಗೆ ಇಳಿಯದಂತೆ ಕಾಯುವ ಛತ್ರಿ. ಭಾರ ಹೊರುವುದು ಕೆಳಗಿನ ಖಡಿ ಮತ್ತು ಗರಸು. ಛತ್ರಿ ಹರಿದರೆ ನೀರು ಇಳಿಯುತ್ತದೆ, ಎರೆ ಮಣ್ಣು ಮೆತ್ತಗಾಗುತ್ತದೆ, ಖಡಿ ಅದರಲ್ಲಿ ಹುಗಿಯುತ್ತದೆ, ಮೇಲೆ ತಗ್ಗು ಬೀಳುತ್ತದೆ. ಕೆಳಗೆ ಸರಿಯಿಲ್ಲದ ರಸ್ತೆಗೆ ಮೇಲೆ ಮತ್ತೆ ಮತ್ತೆ ಡಾಂಬರು ಬಳಿಯುವುದು ಗಾಯ ತೊಳೆಯದೆ ಪಟ್ಟಿ ಕಟ್ಟಿದಂತೆ.

ಕಬ್ಬಿನ ಟ್ರಾಲಿಯ ಲೆಕ್ಕ

ಗುತ್ತಿಗೆದಾರನನ್ನು ಬೈಯುವ ನಾವು ನಮ್ಮ ಹೇರಿನ ಲೆಕ್ಕವನ್ನೂ ನೋಡಬೇಕು. 1958ರ ಕೊನೆಯಿಂದ 1960ರ ಕೊನೆಯವರೆಗೆ ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾ ಊರಿನ ಹತ್ತಿರ ಒಂದು ದೊಡ್ಡ ಪ್ರಯೋಗ ನಡೆಯಿತು. ರಸ್ತೆಯನ್ನು ಕುಣಿಕೆ ಕುಣಿಕೆಯಾಗಿ ಕಟ್ಟಿ, ಒಂದೊಂದು ಕುಣಿಕೆಯಲ್ಲಿ ಬೇರೆ ಬೇರೆ ದಪ್ಪದ ತುಂಡು ಮಾಡಿ, ಸೈನಿಕ ಡ್ರೈವರುಗಳಿಂದ ಲಾರಿಗಳನ್ನು ಎರಡು ವರ್ಷ ಸುತ್ತಿಸಿದರು. 11 ಲಕ್ಷಕ್ಕೂ ಹೆಚ್ಚು ಸಲ ಅಚ್ಚುಗಳು ಹಾದುಹೋದವು. ಯಾವ ಭಾರಕ್ಕೆ ಯಾವ ತುಂಡು ಎಷ್ಟು ಕೆಟ್ಟಿತು ಎಂದು ಬರೆದಿಟ್ಟರು.

ಅದರಿಂದ ಹೊರಟ ಸೂತ್ರ ಬೆಚ್ಚಿ ಬೀಳಿಸುವಂಥದ್ದು. ಅಚ್ಚಿನ ಭಾರ ಎರಡು ಪಟ್ಟಾದರೆ ರಸ್ತೆಯ ಹಾನಿ ಎರಡು ಪಟ್ಟಲ್ಲ, ಸುಮಾರು 16 ಪಟ್ಟು. ಹಾನಿಯು ಭಾರದ ನಾಲ್ಕನೆಯ ಘಾತದಂತೆ ಏರುತ್ತದೆ. ನಮ್ಮಲ್ಲಿ ರಸ್ತೆ ಲೆಕ್ಕಕ್ಕೆ ಹಿಡಿಯುವ ಪ್ರಮಾಣ ಅಚ್ಚಿನ ಭಾರ 8.16 ಟನ್. ಅದೇ ಅಚ್ಚಿನ ಮೇಲೆ 12 ಟನ್ ಹೇರಿದರೆ ಒಂದು ಸಲ ಹಾದುಹೋದದ್ದು ನಾಲ್ಕೂವರೆ ಸಲಕ್ಕೂ ಹೆಚ್ಚು ಹಾದಂತೆ. ಅರ್ಧ ಟನ್ ಅಚ್ಚಿನ ಭಾರದ ಸಣ್ಣ ಕಾರು ಈ ಲೆಕ್ಕದಲ್ಲಿ ಏನೇನೂ ಅಲ್ಲ. ಭಾರಿ ಅಚ್ಚು ಒಂದು ಸಲ ಮಾಡುವ ಹಾನಿ ಮಾಡಲು ಅಂಥ ಅಚ್ಚು 70 ಸಾವಿರ ಸಲ ಹಾಯಬೇಕಾದೀತು.

ಹಳ್ಳಿ ರಸ್ತೆಯನ್ನು ದಿನಕ್ಕೆ ಕೆಲವೇ ಭಾರಿ ವಾಹನ ಹಾಯುತ್ತವೆಂದು ಲೆಕ್ಕ ಹಾಕಿ ಕಟ್ಟಿರುತ್ತಾರೆ. ಹಂಗಾಮಿನಲ್ಲಿ ಹಗಲು ರಾತ್ರಿ ಜೋಡಿ ಟ್ರಾಲಿ ಹಾಯುತ್ತವೆ. ಕಬ್ಬು ಸಾಗಬೇಕು, ಅದು ರೈತನ ಅನ್ನ. ಆದರೆ ರಸ್ತೆ ಕಟ್ಟುವ ಮೊದಲು ವಾಹನ ಎಣಿಕೆ ಮಾಡುವಾಗ ಹಂಗಾಮಿನ ದಿನಗಳನ್ನು ಸೇರಿಸಿದ್ದಾರೆಯೇ ಎಂದು ಕೇಳುವ ಹಕ್ಕು ಊರಿಗೆ ಇದೆ. ಎಣಿಕೆ ಶ್ರಾವಣದಲ್ಲಿ ನಡೆದಿದ್ದರೆ ಅದರಲ್ಲಿ ಕಬ್ಬಿನ ಗಾಡಿ ಒಂದೂ ಇರುವುದಿಲ್ಲ.

ಪ್ಲಾಸ್ಟಿಕ್ ರಸ್ತೆ: ಎಷ್ಟು ನಿಜ?

ಪ್ಲಾಸ್ಟಿಕ್ ಹಾಕಿದರೆ ರಸ್ತೆ ಬಾಳುತ್ತದೆ ಎಂಬ ಮಾತು ಈಗ ಹಳ್ಳಿಗೂ ಬಂದಿದೆ. ಇದರಲ್ಲಿ ಸತ್ಯಾಂಶವಿದೆ. ಮದುರೈನ ತ್ಯಾಗರಾಜರ್ ಎಂಜಿನಿಯರಿಂಗ್ ಕಾಲೇಜಿನ ರಸಾಯನಶಾಸ್ತ್ರದ ಪ್ರಾಧ್ಯಾಪಕ ಆರ್. ವಾಸುದೇವನ್ ಈ ದಿಸೆಯಲ್ಲಿ ಹೆಸರಾದವರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಚೂರು ಮಾಡಿದ ಪ್ಲಾಸ್ಟಿಕ್ಕನ್ನು ಕಾದ ಖಡಿಯ ಮೇಲೆ ಚೆಲ್ಲಿದರೆ ಅದು ಕರಗಿ ಕಲ್ಲಿಗೆ ತೆಳುವಾದ ಲೇಪವಾಗುತ್ತದೆ. ಅದರ ಮೇಲೆ ಡಾಂಬರು ಗಟ್ಟಿಯಾಗಿ ಹಿಡಿಯುತ್ತದೆ, ನೀರು ನಡುವೆ ನುಸುಳುವುದಿಲ್ಲ.

ಕನ್ನಡ ನಾಡಿನ ಪಾಲೂ ಇದರಲ್ಲಿದೆ. ಬೆಂಗಳೂರಿನಲ್ಲಿ ಅಹ್ಮದ್ ಖಾನ್ ಮತ್ತು ರಸೂಲ್ ಖಾನ್ ಸಹೋದರರು 2000ದ ದಶಕದ ಆರಂಭದಲ್ಲೇ ತ್ಯಾಜ್ಯ ಪ್ಲಾಸ್ಟಿಕ್ಕನ್ನು ರಸ್ತೆಗೆ ಬಳಸಲು ಮುಂದಾದರು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಸಿ.ಇ.ಜಿ. ಜಸ್ಟೊ ಮತ್ತು ಎ. ವೀರರಾಘವನ್ ಅದರ ಮಿಶ್ರಣವನ್ನು 2002ರ ಸುಮಾರಿಗೆ ಪರೀಕ್ಷಿಸಿದರು. ದೇಶದ ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿಗಳೆಲ್ಲ ಓದುವ ಖನ್ನಾ–ಜಸ್ಟೊ ಪುಸ್ತಕದ ಜಸ್ಟೊ ಇವರೇ. 2013ರಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಇದಕ್ಕೆ ಮಾರ್ಗಸೂಚಿ ಹೊರಡಿಸಿತು. ಡಾಂಬರಿನ ತೂಕದ ನೂರಕ್ಕೆ ಆರರಿಂದ ಎಂಟು ಪಾಲು ಪ್ಲಾಸ್ಟಿಕ್ ಸಾಕು. ಪಿವಿಸಿ ಪೈಪಿನಂಥ ಪ್ಲಾಸ್ಟಿಕ್ ಮಾತ್ರ ಬಳಸಲೇಬಾರದು, ಕಾಸಿದರೆ ವಿಷದ ಹೊಗೆ ಬರುತ್ತದೆ.

ಆದರೆ ಪ್ಲಾಸ್ಟಿಕ್ ಛತ್ರಿಯನ್ನು ಗಟ್ಟಿ ಮಾಡುತ್ತದೆಯೇ ಹೊರತು ಕೆಳಗಿನ ಎರೆ ಮಣ್ಣನ್ನಲ್ಲ. ಗಟಾರವಿಲ್ಲದ ರಸ್ತೆಗೆ ಪ್ಲಾಸ್ಟಿಕ್ ಹಾಕಿದರೂ ಎರಡನೆಯ ಮಳೆಗೆ ಅದೇ ಗತಿ.

ಊರಿನವರು ಏನು ನೋಡಬೇಕು?

ಪ್ರಯೋಗಾಲಯ ನಮ್ಮ ಕೈಯಲ್ಲಿಲ್ಲ. ಕಣ್ಣು, ಹಗ್ಗ, ಕಾಗದ ನಮ್ಮ ಕೈಯಲ್ಲಿವೆ.

1. ರಸ್ತೆ ಏರಿಗೆ ಬದಿಯ ಎರೆ ಮಣ್ಣು ಎಳೆಯುತ್ತಿದ್ದಾರೆಯೇ, ಗರಸು ತರುತ್ತಿದ್ದಾರೆಯೇ ನೋಡಿ. ಡಾಂಬರು ಬರುವ ದಿನ ಹೋಗಿ ನಿಲ್ಲುವುದಕ್ಕಿಂತ ಮಣ್ಣು ಬೀಳುವ ದಿನ ಹೋಗುವುದು ಮುಖ್ಯ.

2. ರಸ್ತೆಯ ನಡು ಎತ್ತರ, ಅಂಚು ತಗ್ಗು ಇರಬೇಕು. 3.75 ಮೀಟರ್ ಅಗಲದ ನೇರ ರಸ್ತೆಯಲ್ಲಿ ನಡುವು ಅಂಚಿಗಿಂತ ನಾಲ್ಕರಿಂದ ಐದು ಸೆಂ.ಮೀ. ಎತ್ತರವಿದ್ದರೆ ನೀರು ಹರಿದು ಹೋಗುತ್ತದೆ. ಅಡ್ಡಲಾಗಿ ಹಗ್ಗ ಹಿಡಿದರೆ ಗೊತ್ತಾಗುತ್ತದೆ.

3. ಬದಿಯ ಗಟಾರ ಹೊಲಕ್ಕೆ ಸೇರಿಸಿಕೊಂಡಿದ್ದರೆ ಬಿಟ್ಟುಕೊಡಿ. ಇದು ನಮ್ಮವರಿಗೇ ಹೇಳಬೇಕಾದ ಮಾತು. ನೀರಿಗೆ ದಾರಿ ಇಲ್ಲದಿದ್ದರೆ ಅದು ರಸ್ತೆಯೊಳಗೇ ದಾರಿ ಮಾಡಿಕೊಳ್ಳುತ್ತದೆ.

4. ಡಾಂಬರು ಹಾಕುವ ಮೊದಲು ಖಡಿಯ ಮೇಲಿನ ಧೂಳು ಗುಡಿಸಿ, ತೆಳುವಾದ ಡಾಂಬರು ದ್ರಾವಣ ಸಿಂಪಡಿಸಬೇಕು. ಮಳೆಯಲ್ಲಿ, ಹಸಿ ನೆಲದ ಮೇಲೆ ಡಾಂಬರು ಹಾಕಲು ಬಿಡಬೇಡಿ.

5. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಯಾದರೆ ಐದು ವರ್ಷ ಗುತ್ತಿಗೆದಾರನೇ ಅದನ್ನು ನೋಡಿಕೊಳ್ಳಬೇಕು. ಫಲಕದ ಮೇಲಿನ ತಾರೀಖು ಬರೆದಿಟ್ಟುಕೊಳ್ಳಿ. ಐದನೆಯ ವರ್ಷ ಮುಗಿದ ಮೇಲೆ ಕೂಗಿ ಪ್ರಯೋಜನವಿಲ್ಲ.

6. ಮಾಹಿತಿ ಹಕ್ಕು ಕಾಯ್ದೆ 2005 ಬರೀ ಕಾಗದ ಕೇಳುವ ಹಕ್ಕಲ್ಲ. ನಡೆದ ಕಾಮಗಾರಿಯನ್ನು ಪರಿಶೀಲಿಸುವ, ಬಳಸಿದ ಸಾಮಗ್ರಿಯ ಪ್ರಮಾಣಿತ ಮಾದರಿ ಪಡೆಯುವ ಹಕ್ಕೂ ಅದರ ಎರಡನೆಯ ಕಲಮಿನಲ್ಲಿದೆ. ಅರ್ಜಿ ಶುಲ್ಕ 10 ರೂಪಾಯಿ. ಉತ್ತರ 30 ದಿನದೊಳಗೆ ಬರಬೇಕು.

ಮಹಾರಾಷ್ಟ್ರದ ಕನ್ನಡಿಗರಿಗೆ ಒಂದು ಸೂಚನೆ. ಕನ್ನಡ ಶಾಲೆಯಲ್ಲಿ ಓದಿದ ನಮ್ಮ ಎಷ್ಟೋ ಮಂದಿ ಕಚೇರಿಯ ಮರಾಠಿಗೆ ಅಂಜಿ ಅರ್ಜಿ ಬರೆಯುವುದನ್ನೇ ಬಿಡುತ್ತಾರೆ. ಅಂಜಬೇಕಿಲ್ಲ, ನಾಲ್ಕು ಮಾತು ಗೊತ್ತಿದ್ದರೆ ಸಾಕು. ಮಾಹಿತಿ ಹಕ್ಕಿಗೆ ಅಲ್ಲಿ 'ಮಾಹಿತಿ ಅಧಿಕಾರ'. ಪರೀಕ್ಷೆಯ ವರದಿಗೆ 'ಚಾಚಣಿ ಅಹವಾಲ'. ಗುಣಮಟ್ಟದ ರಜಿಸ್ಟರಿಗೆ 'ಗುಣವತ್ತಾ ನೋಂದವಹಿ'. ದುರಸ್ತಿಯ ಹೊಣೆಯ ಅವಧಿಗೆ 'ದೋಷ ದಾಯಿತ್ವ ಕಾಲಾವಧಿ'. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಶಬ್ದದೊಳಗೆ ಬರೆಯಬೇಕೆಂಬುದು ಅಲ್ಲಿನ ನಿಯಮ. 'ನಮ್ಮ ರಸ್ತೆ ಕೆಟ್ಟಿದೆ' ಎಂದು ಬರೆದರೆ 'ದುರಸ್ತಿ ಮಾಡಲಾಗುವುದು' ಎಂಬ ಉತ್ತರ ಬರುತ್ತದೆ. 'ನಮ್ಮ ರಸ್ತೆಯ ಮಣ್ಣಿನ ಸಿಬಿಆರ್ ಎಷ್ಟು, ಪರೀಕ್ಷೆ ಯಾವ ದಿನ ಆಯಿತು, ವರದಿಯ ನಕಲು ಕೊಡಿ' ಎಂದು ಬರೆದರೆ ಅಂಕೆಯನ್ನೇ ಕೊಡಬೇಕಾಗುತ್ತದೆ.

ಪರೀಕ್ಷೆ ನಡೆದಿದ್ದರೆ ಅಂಕೆ ಇರುತ್ತದೆ. ನಡೆಯದಿದ್ದರೆ ಆ ಕಾಗದ ಇರುವುದಿಲ್ಲ, ಅದೂ ಒಂದು ಉತ್ತರವೇ. ರಾತ್ರಿ ಹೊತ್ತು ಹೆರಿಗೆ ಬ್ಯಾನಿ ಬಂದ ಹೆಣ್ಣುಮಗಳನ್ನು ಕೂರಿಸಿಕೊಂಡು ಜೀಪು ತಗ್ಗಿನಲ್ಲಿ ಮೆಲ್ಲಗೆ ಇಳಿದು ಏರುವಾಗ, ಎರಡು ವರ್ಷದ ಹಿಂದೆ ಯಾರೋ ನಾಲ್ಕು ದಿನ ಮಣ್ಣು ನೆನೆಸಿಡದೆ ಬರೆದ ಒಂದು ಅಂಕೆಯ ಬೆಲೆ ತಿಳಿಯುತ್ತದೆ. ಈ ಸಲ ನಿಮ್ಮೂರಿಗೆ ರಸ್ತೆ ಮಂಜೂರಾದರೆ ಡಾಂಬರಿನ ಟಿಪ್ಪರ್ ಬರುವ ತನಕ ಕಾಯಬೇಡಿ. ಮಣ್ಣಿನ ವರದಿ ಮೊದಲು ಕೇಳಿ.